ಮೂವತ್ತು ಸೆಕೆಂಡಿನ ಹುಸಿ ಮಿಂಚು

ಉಪ್ಪುನೀರಲ್ಲಿ ನೆನೆಸಿದ ಎರಡು ಸ್ಪಂಜು. ತಲೆಗೊಂದು ಪಟ್ಟಿ. ಬ್ಯಾಟರಿಯಿಂದ ನಡೆಯುವ ಪುಟ್ಟ ಪೆಟ್ಟಿಗೆ. ಬುರುಡೆ ಕೊರೆಯದೆ, ಸೂಜಿ ಚುಚ್ಚದೆ ಮಿದುಳಿಗೆ ವಿದ್ಯುತ್ ಕಳಿಸುವ ಟಿಡಿಸಿಎಸ್ ಎಂಬ ವಿಧಾನಕ್ಕೆ ಇಷ್ಟು ಸಾಕು. ಗುಂಡಿ ಒತ್ತಿದರೆ ಒಂದೋ ಎರಡೋ ಮಿಲಿಆಂಪಿಯರ್ ಹರಿಯುತ್ತದೆ. ನೆತ್ತಿಯಲ್ಲಿ ಜುಮುಜುಮು ಎನ್ನುತ್ತದೆ, ಸ್ಪಂಜಿನಡಿ ಸಣ್ಣಗೆ ತುರಿಕೆ. ಸ್ವಲ್ಪ ಹೊತ್ತಿಗೆ ಚರ್ಮ ಒಗ್ಗಿಕೊಳ್ಳುತ್ತದೆ, ಜುಮುಜುಮು ತಗ್ಗುತ್ತದೆ. ಆಮೇಲೆ ಇಪ್ಪತ್ತು ನಿಮಿಷ ಸುಮ್ಮನೆ ಕೂರುವುದು.

ಈಗ ಅದೇ ಪ್ರಯೋಗದ ಇನ್ನೊಬ್ಬರನ್ನು ನೋಡಿ. ಅದೇ ಸ್ಪಂಜು, ಅದೇ ಪಟ್ಟಿ, ಅದೇ ಜುಮುಜುಮು. ಆದರೆ ಮೂವತ್ತು ಸೆಕೆಂಡಾಗುತ್ತಲೇ ವಿದ್ಯುತ್ತು ಮೆಲ್ಲಗೆ ಇಳಿದು ನಿಂತೇಬಿಟ್ಟಿದೆ! ಅವರಿಗೆ ಅದು ಗೊತ್ತಾಗುವುದಿಲ್ಲ, ಏಕೆಂದರೆ ನಿಜವಾದ ವಿದ್ಯುತ್ತು ಹರಿಯುತ್ತಿರುವವರ ನೆತ್ತಿಯೂ ಅಷ್ಟರಲ್ಲಿ ಶಾಂತವಾಗುತ್ತಾ ಬಂದಿರುತ್ತದೆ. ಯಂತ್ರಕ್ಕೆ ಸಂಕೇತ ಸಂಖ್ಯೆ ಒತ್ತಿದ ಸಂಶೋಧಕರಿಗೂ ಯಾರದ್ದು ದಿಟ, ಯಾರದ್ದು ಹುಸಿ ಎಂಬುದು ತಿಳಿಯದಂತೆ ಮಾಡಬಹುದು. ಗಂಡಿಗ, ಹುಮ್ಮೆಲ್, ಕೊಹೆನ್ ಎಂಬ ಸಂಶೋಧಕರು 2006ರಲ್ಲಿ ಈ ಉಪಾಯವನ್ನು ಪರೀಕ್ಷಿಸಿ ತೋರಿಸಿದರು. ನಮ್ಮ ಚರ್ಮದ ಮರೆಗುಳಿತನವನ್ನೇ ವಿಜ್ಞಾನದ ಉಪಕರಣ ಮಾಡಿಕೊಂಡ ಈ ಜಾಣ್ಮೆಗೆ ನಾನು ಬೆರಗಾಗಿ ಹೋದೆ.

ಇಷ್ಟೆಲ್ಲ ಹುಸಿ ಯಾತಕ್ಕೆ? ಉತ್ತರ 1784ರ ಪ್ಯಾರಿಸಿನಲ್ಲಿದೆ. ಮೆಸ್ಮರ್ ಎಂಬ ವೈದ್ಯನ 'ಪ್ರಾಣಿ ಅಯಸ್ಕಾಂತ' ಚಿಕಿತ್ಸೆಗೆ ಊರಿಗೆ ಊರೇ ಮರುಳಾಗಿದ್ದ ಕಾಲ. ನಿಜವೇನೆಂದು ನೋಡಲು ದೊರೆ ನೇಮಿಸಿದ ಸಮಿತಿಯಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಇದ್ದ, ಲಾವಾಸಿಯೆ ಇದ್ದ. ಫ್ರಾಂಕ್ಲಿನ್ ಮನೆಯ ತೋಟದಲ್ಲಿ ಮೆಸ್ಮರ್‌ನ ಶಿಷ್ಯನೊಬ್ಬ ಒಂದೇ ಒಂದು ಮರಕ್ಕೆ ಶಕ್ತಿ ತುಂಬಿದ. ಹನ್ನೆರಡು ವರ್ಷದ ಹುಡುಗನ ಕಣ್ಣಿಗೆ ಬಟ್ಟೆ ಕಟ್ಟಿ ಮರದಿಂದ ಮರಕ್ಕೆ ಕರೆದೊಯ್ದರು. ನಾಲ್ಕನೆಯ ಮರದ ಬಳಿ ಹುಡುಗ ಮೂರ್ಛೆ ಹೋದ. ಶಕ್ತಿ ತುಂಬಿದ್ದ ಮರ ಅದಲ್ಲ, ಅದು ಆಚೆಗೆಲ್ಲೋ ಇತ್ತು! ಮೈಯನ್ನು ಕೆಡವಿದ್ದು ನಂಬಿಕೆಯೇ. ಮಿದುಳಿಗೆ ವಿದ್ಯುತ್ ಕೊಟ್ಟೆವು, ಗುಣವಾಯಿತು ಎನ್ನುವವರು ಮೊದಲು ಆ ಹುಡುಗನಿಗೆ ಉತ್ತರ ಹೇಳಬೇಕು.

ಮಿದುಳನ್ನು ಕಾಂತಕ್ಷೇತ್ರದಿಂದ ಮಿಡಿಸುವ ಇಂದಿನ ವಿಧಾನದಲ್ಲಂತೂ ಹುಸಿ ಇನ್ನೂ ಕಷ್ಟ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ತಲೆಯ ಮೇಲೆ ತಂತಿಸುರುಳಿ ಹಿಡಿದು, ಕ್ಷಣಾರ್ಧದ ಕಾಂತಕ್ಷೇತ್ರ ಹಾಯಿಸಿ, ಎದುರಿಗೆ ಕೂತವರ ಕೈ ಬೆರಳನ್ನು ಕುಣಿಸಿದರು. ಅದೇ ಟಿಎಂಎಸ್. ಪ್ರತಿ ಮಿಡಿತಕ್ಕೂ ಸುರುಳಿ 'ಟಕ್' ಎಂದು ಸದ್ದು ಮಾಡುತ್ತದೆ, ನೆತ್ತಿಗೆ ಮೊಟಕಿದಂತಾಗುತ್ತದೆ. ಹಾಗಾದರೆ ಸುರುಳಿಯನ್ನು ಓರೆ ಹಿಡಿದರಾಯಿತು, ಸದ್ದು ಬರುತ್ತದೆ, ಕಾಂತಕ್ಷೇತ್ರ ಮಿದುಳಿಗೆ ಹೋಗುವುದಿಲ್ಲ ಅಂದುಕೊಂಡರು. ಕೋತಿಯ ಮಿದುಳಿನೊಳಗೇ ಎಲೆಕ್ಟ್ರೋಡ್ ಇಟ್ಟು ಅಳೆದ ವರದಿ 2001ರಲ್ಲಿ ಬಂತು. ಒಂದು ಬಗೆಯ ಓರೆಯಲ್ಲಿ ಒಳಗೆ ಹುಟ್ಟಿದ ವೋಲ್ಟೇಜು ಅಸಲಿಗಿಂತ ಬರೀ ಶೇ. 24ರಷ್ಟು ಕಡಿಮೆ! ಹುಸಿ ಎಂದುಕೊಂಡಿದ್ದು ಮುಕ್ಕಾಲು ಪಾಲು ದಿಟವೇ ಆಗಿತ್ತು.

ಸರಿ, ಕಾಂತಕ್ಷೇತ್ರ ತಡೆಯುವ ಸುರುಳಿ ಮಾಡೋಣ. ಮಾಡಿದರು. ಆಗ ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್‌ನಲ್ಲಿ ಕಂಡದ್ದೇನು? ಪರದೆಯ ಮೇಲೆ ಗುರುತು ಮೂಡುವ ತುಸು ಮುಂಚೆ ಬರೀ ಆ 'ಟಕ್' ಕೇಳಿಸಿದರೂ ಸಾಕು, ಜನರ ಗಮನ ಸುರುಳಿಯಿದ್ದ ಕಡೆಗೆ ವಾಲುತ್ತಿತ್ತು. ಸದ್ದೇ ಒಂದು ಪ್ರಚೋದನೆ!

ನನ್ನ ಎದೆ ಝಲ್ಲೆನಿಸಿದ್ದು ಬೆಲ್ಜಿಯಂನ ಲೂವೆನ್‌ನಿಂದ 2019ರಲ್ಲಿ ಬಂದ ಸಂಶೋಧನೆ ಓದಿದಾಗ. ತಲೆಗೆ ತಾಳಬದ್ಧವಾಗಿ ಏರಿಳಿಯುವ ವಿದ್ಯುತ್ ಕೊಟ್ಟರೆ ಕೈ ನಡುಕವೂ ಅದೇ ತಾಳ ಹಿಡಿಯುತ್ತದೆಂದು ಮೊದಲೇ ಗೊತ್ತಿತ್ತು. ಮಿದುಳು ತಾಳಕ್ಕೆ ಸಿಕ್ಕಿತು ಎಂದೇ ಎಲ್ಲರೂ ತಿಳಿದಿದ್ದರು. ಲೂವೆನ್‌ನವರು ಒಂದು ಸರಳ ಕೆಲಸ ಮಾಡಿದರು: ನೆತ್ತಿಗೆ ಮರಗಟ್ಟಿಸುವ ಮುಲಾಮು ಹಚ್ಚಿದರು. ವಿದ್ಯುತ್ ಅಷ್ಟೇ ಹರಿಯಿತು, ಆದರೆ ತಾಳ ಸಡಿಲವಾಯಿತು. ಅಂದರೆ ಕೈಗೆ ತಾಳ ಕೊಡುತ್ತಿದ್ದುದು ಹೆಚ್ಚಾಗಿ ಚರ್ಮದ ನರಗಳು! ನೆತ್ತಿಯ ಮೇಲಿನ ತುರಿಕೆ ಎಂದು ಬದಿಗಿಟ್ಟದ್ದೇ ಕಥೆಯ ನಾಯಕನಾಗಿತ್ತು.

ಹಾಗಾದರೆ ಎಲ್ಲವೂ ಚರ್ಮದ ಮಾಯೆಯೇ? ಇಲ್ಲ, ಕೇಳಿ! ಮರುವರ್ಷವೇ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದವರು ಕೋತಿಗಳ ನೆತ್ತಿಯನ್ನು ಮರಗಟ್ಟಿಸಿ, ಒಳಗಿನ ಒಂದೊಂದೇ ನರಕೋಶಕ್ಕೆ ಕಿವಿಗೊಟ್ಟರು. ಚರ್ಮ ಮೌನವಾಗಿದ್ದರೂ ನರಕೋಶಗಳು ವಿದ್ಯುತ್ತಿನ ತಾಳಕ್ಕೆ ಮಿಡಿಯುತ್ತಲೇ ಇದ್ದವು. ಮೊದಲ ಮುಲಾಮು ಒಂದು ನಂಬಿಕೆಯನ್ನು ಅಲ್ಲಾಡಿಸಿತು, ಎರಡನೆಯದು ಅದರಲ್ಲೊಂದು ಪಾಲನ್ನು ಎತ್ತಿ ಕೊಟ್ಟಿತು. ಇಷ್ಟು ಸೊಗಸಾದ ಜಗಳವನ್ನು ಪತ್ತೇದಾರಿ ಕಾದಂಬರಿಯಲ್ಲೂ ನಾನು ಓದಿಲ್ಲ.

ಇದು ಪ್ರಯೋಗಾಲಯದ ಆಟ ಮಾತ್ರವಲ್ಲ. ಸ್ಕಿಜೋಫ್ರೇನಿಯಾದಲ್ಲಿ ಕೆಲವರಿಗೆ ಇಲ್ಲದ ದನಿಗಳು ಹಗಲಿರುಳು ಕೇಳಿಸುತ್ತವೆ, ಔಷಧಿಗೂ ಬಗ್ಗುವುದಿಲ್ಲ. ಅಂಥ 25 ಜನರ ಮೇಲೆ ಬೆಂಗಳೂರಿನ ನಿಮ್ಹಾನ್ಸ್ ನಡೆಸಿದ ಟಿಡಿಸಿಎಸ್ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಐದು ದಿನ, ಹತ್ತು ಸರದಿ, ಕೆಲವರಿಗೆ ದಿಟ, ಕೆಲವರಿಗೆ ಹುಸಿ. ದಿಟ ಸಿಕ್ಕವರಲ್ಲಿ ದನಿಗಳು ಹೆಚ್ಚು ತಗ್ಗಿದವು. ಹುಸಿ ಸ್ಪಂಜು ಹೊತ್ತು ಕೂತವರಿಲ್ಲದಿದ್ದರೆ ಆ 'ಹೆಚ್ಚು' ಎಂಬ ಪದಕ್ಕೆ ಅರ್ಥವೇ ಇರುತ್ತಿರಲಿಲ್ಲ. ಆ ಹಂತ ಮುಗಿದ ಮೇಲೆ, ಸಾಕಷ್ಟು ಗುಣ ಕಾಣದವರಿಗೆ ಮುಚ್ಚುಮರೆಯಿಲ್ಲದೆ ನಿಜವಾದ ವಿದ್ಯುತ್ತನ್ನೇ ಕೊಡುವ ಏರ್ಪಾಡೂ ಅಲ್ಲಿತ್ತು.