ಒಂದು ರೊಟ್ಟಿ ಹೀರೋ ಆದ ಕಥೆ!

ಸಿನಿಮಾ ಪತ್ರಿಕೆಯಲ್ಲಿ ರೊಟ್ಟಿ ಸುಡೋ ಸಮಾಚಾರ ಯಾಕಯ್ಯಾ ಅಂತ ಪುಟ ತಿರುವಬೇಡಿ ಮಿತ್ರರೇ! ಸ್ವಲ್ಪ ತಾಳಿ. ಬಸ್ಸು ಬರೋದಕ್ಕೆ ಇನ್ನೂ ಹೊತ್ತಿದೆ.

ಮೊದಲು ಒಂದು ಪ್ರಶ್ನೆ. ಸೋಫಿಯಾ ಲೋರೆನ್ ಪಿಜ್ಜಾ ಮಾರಿದ್ದನ್ನು ನೋಡಿದ್ದೀರಾ? ವಿಟ್ಟೋರಿಯೊ ಡಿ ಸಿಕಾ ೧೯೫೪ರಲ್ಲಿ ತೆರೆಗೆ ತಂದ ‘ಲೋರೊ ದಿ ನಾಪೊಲಿ’ ಚಿತ್ರದಲ್ಲಿ. ಹಲವು ಪುಟ್ಟ ಕಥೆಗಳನ್ನು ಪೋಣಿಸಿದ ಚಿತ್ರವದು. ಒಂದು ಕಥೆಯಲ್ಲಿ ಸೋಫಿಯಾ ಪಿಜ್ಜಾ ಅಂಗಡಿಯವನ ಹೆಂಡತಿ. ಒಂದು ದಿನ ಆಕೆಯ ಬೆರಳಿನ ಉಂಗುರ ಮಾಯ! ಅದನ್ನು ಮರೆತು ಬಂದಿರುವುದು ಪ್ರಿಯಕರನ ಹತ್ತಿರ. ಗಂಡನಿಗೆ ಹಾಗೆ ಹೇಳೋಕಾಗುತ್ತಾ? ಹಿಟ್ಟಿನಲ್ಲಿ ಬಿದ್ದು ಹೋಗಿರಬೇಕು ಅನ್ನೋ ಮಾತು ಹುಟ್ಟುತ್ತದೆ. ಪಾಪ, ಆ ಗಂಡ ಅವತ್ತು ಪಿಜ್ಜಾ ಕೊಂಡವರನ್ನೆಲ್ಲಾ ಹುಡುಕಿಕೊಂಡು ಬೀದಿ ಬೀದಿ ಅಲೆಯುತ್ತಾನೆ!

ಈ ಚಿತ್ರ ನೋಡಿದಾಗಿನಿಂದ ನನಗೆ ಇಟಲಿಯ ಹಿಟ್ಟಿನ ಹುಚ್ಚು ಹಿಡಿಯಿತು. ಅದೇ ಗುಂಗಿನಲ್ಲಿ ಕೆದಕುತ್ತಾ ಹೋದಾಗ ಸಿಕ್ಕಿದ್ದು ಇನ್ನೊಂದು ಚಿತ್ರ. ೨೦೦೯ರ ‘ಫೊಕಾಚಾ ಬ್ಲೂಸ್’. ನಿರ್ದೇಶಕ ನಿಕೊ ಚಿರಾಸೋಲ. ಈ ಚಿತ್ರದ ನಿಜವಾದ ನಾಯಕ ಯಾರು ಗೊತ್ತೆ? ಒಂದು ರೊಟ್ಟಿ!

ಖಳನಾಯಕ ಬಂದ, ದೀಪ ಹೊತ್ತಿತು

ಫೊಕಾಚಾ ಅಂದರೆ ಎಣ್ಣೆ ಸುರಿದು, ಬೆರಳಲ್ಲಿ ಗುಳಿ ಒತ್ತಿ ಸುಟ್ಟ ದಪ್ಪ ಚಪ್ಪಟೆ ರೊಟ್ಟಿ. ಹೆಸರು ಬಂದಿದ್ದು ಲ್ಯಾಟಿನ್ನಿನ ‘ಫೋಕಸ್’ ಎಂಬ ಮಾತಿನಿಂದ. ಆ ಮಾತಿಗೆ ಒಲೆ ಅಂತ ಅರ್ಥ. ಕ್ಯಾಮೆರಾದವರು ದಿನಾ ಜಪಿಸುವ ಫೋಕಸ್ ಕೂಡಾ ಇದೇ ಮೂಲದ್ದು ಸ್ವಾಮೀ! ಉತ್ತರದ ಜಿನೋವಾ ಊರಿನವರು ಇದಕ್ಕೆ ಬರೀ ಎಣ್ಣೆ, ಉಪ್ಪು ಸಾಕು ಅನ್ನುತ್ತಾರೆ. ದಕ್ಷಿಣದ ಪೂಲ್ಯಾ ಪ್ರಾಂತ್ಯದವರು ಹಿಟ್ಟಿಗೆ ಬೇಯಿಸಿದ ಆಲೂಗಡ್ಡೆ ಕಲಸಿ, ಮೇಲೆ ಟೊಮೇಟೊ, ಆಲಿವ್ ಕಾಯಿ, ಓರೆಗಾನೊ ಎಂಬ ಸೊಪ್ಪು ಹಾಕುತ್ತಾರೆ.

ಪೂಲ್ಯಾದಲ್ಲಿ ಅಲ್ತಮೂರ ಅಂತ ಒಂದು ಊರು. ಸುಮಾರು ೭೦ ಸಾವಿರ ಜನ. ಅಲ್ಲಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲೇ ಮತೇರ. ಪಸೋಲಿನಿ ೧೯೬೪ರಲ್ಲಿ ಏಸುಕ್ರಿಸ್ತನ ಕಥೆ ಚಿತ್ರಿಸಿದ್ದು ಅಲ್ಲಿ. ೨೦೨೧ರ ‘ನೋ ಟೈಮ್ ಟು ಡೈ’ನಲ್ಲಿ ಜೇಮ್ಸ್ ಬಾಂಡ್ ಕಾರು ಗಿರಗಿರನೆ ತಿರುಗಿ ಗುಂಡಿನ ಮಳೆ ಸುರಿಸಿತಲ್ಲ, ಆ ಕಲ್ಲಿನ ಊರೇ!

ಅಲ್ತಮೂರದವರಿಗೆ ರೊಟ್ಟಿ ಅಂದರೆ ಪ್ರಾಣ. ಹಿಂದೆಲ್ಲಾ ಹೆಂಗಸರು ಮನೆಯಲ್ಲಿ ಹಿಟ್ಟು ನಾದಿ, ಊರಿನ ಸಾರ್ವಜನಿಕ ಒಲೆಗೆ ಸುಡಲು ಕಳಿಸುತ್ತಿದ್ದರು. ಯಾರದ್ದು ಯಾವುದು ಅಂತ ಗೊತ್ತಾಗಬೇಕಲ್ಲ? ಮನೆತನದ ಅಕ್ಷರ ಕೆತ್ತಿದ ಅಚ್ಚನ್ನು ಹಿಟ್ಟಿನ ಮೇಲೆ ಒತ್ತುತ್ತಿದ್ದರು! ೨೦೦೩ರಲ್ಲಿ ಯುರೋಪಿನ ಒಕ್ಕೂಟ ಅಲ್ತಮೂರದ ರೊಟ್ಟಿಯ ಹೆಸರಿಗೆ ಕಾನೂನಿನ ರಕ್ಷಣೆ ಕೊಟ್ಟಿತು. ಅದು ಡ್ಯೂರಮ್ ಎಂಬ ಗಟ್ಟಿ ಗೋಧಿಯ ರೊಟ್ಟಿ. ನಮ್ಮ ವಿಜಯಪುರ, ಧಾರವಾಡದ ಕಡೆ ಹೊಲಗಳಲ್ಲೂ ಬೆಳೆಯುವ ಗೋಧಿಯ ಜಾತಿಯೇ.

ಇಂಥಾ ಊರಿಗೆ ೨೦೦೧ರಲ್ಲಿ ಮೆಕ್‌ಡೊನಾಲ್ಡ್ಸ್ ಬಂತು. ದೊಡ್ಡ ಅಂಗಡಿ, ಹೊಳೆಯುವ ಫಲಕ, ಬರ್ಗರ್ರು, ಹುರಿದ ಆಲೂಗಡ್ಡೆ. ಹುಡುಗರು ನುಗ್ಗಿದರು. ಅದರ ಪಕ್ಕದಲ್ಲೇ ಒಬ್ಬ ಬೇಕರಿಯವನ ಪುಟ್ಟ ಅಂಗಡಿ ತೆರೆಯಿತು. ಅವನು ಘೋಷಣೆ ಕೂಗಲಿಲ್ಲ, ಕಲ್ಲು ತೂರಲಿಲ್ಲ. ಬಿಸಿ ಬಿಸಿ ಫೊಕಾಚಾ ಸುಟ್ಟ, ಮಾರಿದ. ಅಷ್ಟೇ! ಒಬ್ಬೊಬ್ಬರಾಗಿ ಗಿರಾಕಿಗಳು ಇತ್ತ ತಿರುಗಿದರು. ೨೦೦೨ರಲ್ಲಿ ಮೆಕ್‌ಡೊನಾಲ್ಡ್ಸ್ ಗಂಟುಮೂಟೆ ಕಟ್ಟಿತು!

ಈ ನಿಜ ಘಟನೆಗೆ ಚಿರಾಸೋಲ ಒಂದು ಪ್ರೇಮಕಥೆ ಹೆಣೆದಿದ್ದಾರೆ. ತರಕಾರಿ ಮಾರುವ ಸಾಧಾರಣ ಮನುಷ್ಯ ದಾಂತೆ. ಅವನ ಮನಸ್ಸು ಗೆದ್ದವಳು ರೋಸಾ. ಮಧ್ಯೆ ಥಳುಕು ಬಳುಕಿನ ಮ್ಯಾನುಯೆಲ್. ಯಾರು ಫೊಕಾಚಾ, ಯಾರು ಬರ್ಗರ್ ಅಂತ ನಾನು ಬಿಡಿಸಿ ಹೇಳಬೇಕೆ? ಅರ್ಧ ಸಾಕ್ಷ್ಯಚಿತ್ರ, ಅರ್ಧ ಕಥೆ. ಲೀನೊ ಬಾನ್ಫಿ, ಮಿಕೇಲೆ ಪ್ಲಾಚಿದೊರಂಥ ಇಟಲಿಯ ಘಟಾನುಘಟಿಗಳು ಬಂದು ಹೋಗುತ್ತಾರೆ.

ನನ್ನ ಎರಡು ತೋಪು ಚಿತ್ರಗಳು

ಚಿತ್ರ ಮುಗಿದ ಮರುದಿನವೇ ನಾನು ಅಕ್ಕನ ಮನೆಯ ಅಡುಗೆಮನೆಗೆ ನುಗ್ಗಿದೆ. ಅಲ್ಲಿ ಒಂದು ಪುಟ್ಟ ಓವನ್ ಇದೆ. ಮೊದಲ ದಿನ ನೀರು ಚೆನ್ನಾಗಿ ಕಾಯಿಸಿ ಯೀಸ್ಟ್ ಮೇಲೆ ಸುರಿದೆ. ಹಿಟ್ಟು ಕಲ್ಲಾಗಿ ಕೂತಿತು. ಮಾರನೇ ದಿನ ಅವಸರ. ಅರ್ಧ ಗಂಟೆಗೇ ಓವನ್ನಿಗೆ ತಳ್ಳಿದೆ. ಹೊರಗೆ ಬಂದದ್ದನ್ನು ನೋಡಿ ಅಕ್ಕ, “ಇದನ್ನ ಬಾಗಿಲಿಗೆ ಅಡ್ಡ ಇಡೋಕೆ ಆಗುತ್ತೆ ಕಣೋ,” ಅಂದಳು.

ತುಂಡನ್ನು ಕಾಗದದಲ್ಲಿ ಸುತ್ತಿಕೊಂಡು ನಮ್ಮ ರಸ್ತೆ ಕೊನೆಯ ಬೇಕರಿ ಯಜಮಾನರ ಹತ್ತಿರ ಹೋದೆ. ಮೂವತ್ತು ವರ್ಷದಿಂದ ಬನ್ನು, ಬ್ರೆಡ್ಡು ಸುಟ್ಟ ಕೈ ಅವರದು. ಮುರಿದು, ಮೂಸಿ ನೋಡಿ ನಕ್ಕರು.

“ಯೀಸ್ಟ್ ಅನ್ನೋದು ಜೀವ ತಮ್ಮಾ. ಕುದಿಯೋ ನೀರು ಹಾಕಿದ್ರೆ ಸತ್ತೇ ಹೋಗುತ್ತೆ. ಮಗೂಗೆ ಸ್ನಾನ ಮಾಡ್ಸೋ ನೀರಿನಷ್ಟು ಬಿಸಿ ಇರ್‍ಲಿ. ಆಮೇಲೆ ನೀನು ಕಾಯ್ಬೇಕು. ಹಿಟ್ಟು ನಿನಗೋಸ್ಕರ ಕಾಯಲ್ಲ, ಅವಸರಾನೂ ಮಾಡಲ್ಲ.”

ಮೂರನೇ ಬಾರಿ ಗೆದ್ದೆ!

ಅವರು ಹೇಳಿದ್ದನ್ನು ಸೇರಿಸಿ ನಾನು ಮಾಡಿದ ಕ್ರಮ ಇಷ್ಟು. ಮೈದಾ ೧೨೫ ಗ್ರಾಂ, ಚಿರೋಟಿ ರವೆ ೧೨೫ ಗ್ರಾಂ. ಚೆನ್ನಾಗಿ ಬೇಯಿಸಿ ಮಸೆದ ಒಂದು ಸಣ್ಣ ಆಲೂಗಡ್ಡೆ. ಒಂದು ಚಮಚ ಉಪ್ಪು, ಅರ್ಧ ಚಮಚಕ್ಕಿಂತ ಸ್ವಲ್ಪ ಹೆಚ್ಚು ಒಣ ಯೀಸ್ಟ್, ಸುಮಾರು ೧೮೦ ಮಿಲಿಲೀಟರ್ ಉಗುರು ಬೆಚ್ಚಗಿನ ನೀರು. ಚಪಾತಿ ಹಿಟ್ಟಿಗಿಂತ ಬಹಳ ಸಡಿಲ, ಕೈಗೆ ಅಂಟಬೇಕು. ಅಂಟುತ್ತೆ ಅಂತ ಮೇಲೆ ಮೇಲೆ ಹಿಟ್ಟು ಸುರಿದಿರೋ, ಕೆಟ್ಟಿರಿ! ಹತ್ತು ನಿಮಿಷ ನಾದಿ, ಮುಚ್ಚಿಟ್ಟು ಎರಡು ಪಟ್ಟು ಉಬ್ಬುವವರೆಗೆ ಬಿಡಿ. ನಮ್ಮ ಹವೆಗೆ ಒಂದೂವರೆಯಿಂದ ಎರಡು ಗಂಟೆ.

ಅಷ್ಟರಲ್ಲಿ ನಾಲ್ಕು ಎಸಳು ಬೆಳ್ಳುಳ್ಳಿ ಹೆಚ್ಚಿ, ಮೂರು ಚಮಚ ಆಲಿವ್ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿಡಿ. ಹಸಿ ಬೆಳ್ಳುಳ್ಳಿಯನ್ನೇ ಮೇಲೆ ಹಾಕಿದರೆ ಓವನ್ನಿನಲ್ಲಿ ಕರಿದಾಗಿ ಕಹಿಯಾಗುತ್ತದೆ. ಒಂಬತ್ತು ಅಂಗುಲದ ತಟ್ಟೆಗೆ ಧಾರಾಳವಾಗಿ ಎಣ್ಣೆ ಬಳಿದು ಹಿಟ್ಟು ಹರಡಿ. ಅಡಿಯ ಎಣ್ಣೆಯಲ್ಲೇ ರೊಟ್ಟಿಯ ತಳ ಗರಿಗರಿಯಾಗಿ ಕರಿಯುವುದು. ಇನ್ನೂ ಅರ್ಧ ಗಂಟೆ ಬಿಡಿ. ಆಮೇಲೆ ಹತ್ತೂ ಬೆರಳನ್ನು ಎಣ್ಣೆಯಲ್ಲಿ ಅದ್ದಿ, ತಳ ಮುಟ್ಟುವಂತೆ ಹಾರ್ಮೋನಿಯಂ ಒತ್ತಿದ ಹಾಗೆ ಒತ್ತಿ. ಗುಳಿಗಳಲ್ಲಿ ಎಣ್ಣೆ ನಿಲ್ಲುತ್ತದೆ, ರೊಟ್ಟಿ ಪೂರಿಯಂತೆ ಉಬ್ಬಿಕೊಳ್ಳುವುದಿಲ್ಲ. ಕೈಯಲ್ಲೇ ಹಿಸುಕಿದ ಟೊಮೇಟೊ, ಬೆಳ್ಳುಳ್ಳಿ ಎಣ್ಣೆ, ಉಪ್ಪು, ಓರೆಗಾನೊ ಹಾಕಿ. ಓರೆಗಾನೊ ಅಂದ್ರೆ ಪಿಜ್ಜಾ ಜೊತೆ ಕೊಡುವ ಪುಟ್ಟ ಪೊಟ್ಟಣದ ಸೊಪ್ಪು. ಡ್ರಾಯರಿನಲ್ಲಿ ಕೂಡಿಟ್ಟಿದ್ದೀರಲ್ಲ, ಈಗ ತೆಗೀರಿ! ನಮ್ಮ ಹಿತ್ತಲಿನ ದೊಡ್ಡಪತ್ರೆಗೂ ಅದಕ್ಕೂ ವಾಸನೆ ಹತ್ತಿರ. ಎರಡರಲ್ಲೂ ಕಾರ್ವಕ್ರಾಲ್ ಎಂಬ ಅಂಶವಿದೆ.

ಓವನ್ ಮೊದಲೇ ೨೨೦ ಡಿಗ್ರಿಗೆ ಕಾದಿರಲಿ. ಇಪ್ಪತ್ತೈದು ನಿಮಿಷ. ಅಂಚು ಕೆಂಪಗಾದರೆ ಚಿತ್ರ ಬಿಡುಗಡೆ!

ಅಕ್ಕ ಒಂದು ತುಂಡು ತಿಂದು ಮಾತಾಡಲಿಲ್ಲ. ಎರಡನೆಯದಕ್ಕೆ ಕೈ ಹಾಕಿದಳು. ನನಗೆ ನೂರನೇ ದಿನದ ಸಮಾರಂಭದಷ್ಟು ಸಂತೋಷ.

ಕ್ಲೈಮ್ಯಾಕ್ಸ್

ಬಿಸಿ ಆರುವ ಮುಂಚೆ ಕಾಲು ಭಾಗವನ್ನು ಯಜಮಾನರಿಗೆ ಒಯ್ದೆ. ಸಂಜೆ ಆರು ಗಂಟೆ. ಒಂದು ಕಾಲದಲ್ಲಿ ಆ ಹೊತ್ತಿಗೆ ಅಲ್ಲಿ ನಿಲ್ಲೋಕೆ ಜಾಗ ಇರುತ್ತಿರಲಿಲ್ಲ. ಈಗ ಎದುರುಗಡೆ ಗಾಜಿನ ಬಾಗಿಲಿನ ದೊಡ್ಡ ಅಂಗಡಿ ಬಂದಿದೆ. ಯಜಮಾನರ ಗಾಜಿನ ಕಪಾಟಿನಲ್ಲಿ ಬೆಳಗಿನ ಬನ್ನು ಹಾಗೇ ಉಳಿದಿತ್ತು.

ಅವರು ತಿಂದರು. “ಉಪ್ಪು ಒಂದು ಚಿಟಿಕೆ ಮುಂದು. ಆದ್ರೂ ಪಾಸ್,” ಅಂದರು. ನಾನು ಉತ್ಸಾಹದಿಂದ ಅಲ್ತಮೂರದ ಕಥೆ ಪೂರ್ತಿ ಹೇಳಿದೆ. “ನೋಡಿ ಯಜಮಾನ್ರೇ, ಪುಟ್ಟ ಬೇಕರಿ ಎದುರು ಅಷ್ಟು ದೊಡ್ಡ ಕಂಪನಿ ಸೋತುಹೋಯ್ತು! ನೀವೂ ಧೈರ್ಯವಾಗಿರಿ!”

ಅವರು ಕೈ ಒರೆಸಿಕೊಳ್ಳುತ್ತಾ ಸುಮ್ಮನೆ ಕೇಳಿದರು. ಆಮೇಲೆ ಅಂದರು:

“ಕಥೆ ಚೆನ್ನಾಗಿದೆ ತಮ್ಮಾ. ಆದ್ರೆ ರೊಟ್ಟಿ ಸುಟ್ಟೋನು ಒಬ್ನೇ ಗೆಲ್ಲಿಸಿದ್ದಲ್ಲ ಅದು. ಊರಿನೋರು ದಿನಾ ಬಂದು ಕೊಂಡ್ಕೊಂಡ್ರಲ್ಲ, ಅವ್ರು ಗೆಲ್ಲಿಸಿದ್ದು. ನಮ್ಮ ಒಲೆ ನಾನು ದಿನಾ ಹೊತ್ತಿಸ್ತೀನಿ. ನೀನು ಹೋದ ವಾರ ಸ್ನೇಹಿತರ ಜೊತೆ ಎಲ್ಲಿ ಕೂತಿದ್ದೆ?”

ನನ್ನ ಬಾಯಿ ಕಟ್ಟಿತು. ಕೂತಿದ್ದು ಎದುರಿನ ಗಾಜಿನ ಬಾಗಿಲಿನ ಹಿಂದೆ! ಅವರು ನೋಡಿದ್ದರು. ಅವರ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ವಾಸಿಯಿತ್ತು.

ದಾಂತೆಗೆ ಚಪ್ಪಾಳೆ ಹೊಡೆದವನು ನಾನು, ಮ್ಯಾನುಯೆಲ್ ಜೊತೆ ತಿರುಗುತ್ತಿದ್ದವನೂ ನಾನೇ. ಆ ಸಂಜೆ ಉಳಿದ ಬನ್ನುಗಳಲ್ಲಿ ಆರು ಕಟ್ಟಿಸಿಕೊಂಡೆ. ಯಜಮಾನರು ಲೆಕ್ಕ ಹಾಕಿ ದುಡ್ಡು ತೆಗೆದುಕೊಂಡು, ಚಿಲ್ಲರೆ ಸರಿಯಾಗಿ ಎಣಿಸಿ ಕೊಟ್ಟರು. “ನಾಳೆ ಬಾ,” ಅಂದರು, “ಬಿಸಿ ಇರುವಾಗ ಬಾ.”

ಈಗ ಭಾನುವಾರದ ಕಾಫಿಗೆ ನಮ್ಮ ಗುಂಪು ಅಲ್ಲೇ. ಎದುರಿನ ಅಂಗಡಿ ಇನ್ನೂ ಇದೆ, ದೀಪ ಇನ್ನೂ ಹೊಳೆಯುತ್ತಿದೆ. ನಮ್ಮ ಚಿತ್ರ ಇನ್ನೂ ಇಂಟರ್‌ವಲ್‌ವರೆಗೂ ಬಂದಿಲ್ಲ. ಮುಗಿಯುವುದು ಹೇಗೆ ಅನ್ನೋದು ಗಿರಾಕಿಗಳ ಕೈಯಲ್ಲಿದೆ.

ಅಗೋ, ನಿಮ್ಮ ಬಸ್ಸು ಬಂತು! ಇಳಿದ ಮೇಲೆ ನಿಮ್ಮೂರ ಬೇಕರಿಯ ಮುಂದೆ ಒಂದು ನಿಮಿಷ ನಿಲ್ಲಿ.