ಆಶ್ರಯ ಮನೆ ನಿಮ್ಮದೇ, ಆದ್ರೆ ಮಾರೋ ಹಾಗಿಲ್ಲ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯವರಿಗೆ ಆಶ್ರಯ ಮನೆ ಅಂದ್ರೆ ಬಿಡಿಸಿ ಹೇಳಬೇಕಿಲ್ಲ. ಆದರೆ ಮಗಳ ಮದುವೆಗೋ ಆಸ್ಪತ್ರೆ ಖರ್ಚಿಗೋ ಮಾರೋಣ ಅಂತ ಹೊರಟಾಗಲೇ ನಾವು ಹಕ್ಕುಪತ್ರದ ಷರತ್ತು ಓದೋದು: ಇಂತಿಷ್ಟು ವರ್ಷ ಪರಭಾರೆ ಮಾಡುವಂತಿಲ್ಲ.

ನೋಡಿ, ಇದೊಂದು ಕೊಡು-ಕೊಳ್ಳು. ನಿವೇಶನ ಕೊಟ್ಟಿದ್ದು ಸರ್ಕಾರ. ಕಟ್ಟೋಕೂ ಸಹಾಯಧನ ಇದೆ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲು ಪ್ರದೇಶದ ಮನೆಗೆ ನಿಗದಿಯಾಗಿದ್ದು 1.20 ಲಕ್ಷ ರೂಪಾಯಿ. ಕೊಟ್ಟಿದ್ದು ವಾಸಕ್ಕೆ, ವ್ಯಾಪಾರಕ್ಕಲ್ಲ.

ಆದರೂ ಮಾರಾಟ ನಡೆಯುತ್ತೆ. ನೋಂದಣಿ ಆಗಲ್ಲ, ಹಾಗಾಗಿ ಛಾಪಾ ಕಾಗದದ ಮೇಲೊಂದು ಕರಾರು, ಜೊತೆಗೊಂದು ಜಿಪಿಎ. ಜಿಪಿಎ ಮೂಲಕ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಕೊಂಡವರೂ ಬಡವರೇ. ಕೂಡಿಟ್ಟ ದುಡ್ಡು ಹೋಯ್ತು, ಮನೆ ಇನ್ನೊಬ್ಬರ ಹೆಸರಲ್ಲೇ ಉಳೀತು.

ಅಮೆರಿಕದ ಬರ್ಲಿಂಗ್ಟನ್‌ ಊರಲ್ಲಿ 1984ರಲ್ಲಿ ಶುರುವಾದ ಒಂದು ಟ್ರಸ್ಟ್ ಬೇರೆ ದಾರಿ ಹಿಡಿದಿದೆ. ಸಹಾಯ ಪಡೆದವರು ಮನೆ ಮಾರಬಹುದು. ಏರಿದ ಬೆಲೆಯಲ್ಲಿ ಕಾಲು ಭಾಗ ಅವರಿಗೆ. ಉಳಿದದ್ದು ಮನೆಯ ಜೊತೆಗೇ ಉಳಿದು, ಮುಂದೆ ಬರೋ ಕುಟುಂಬಕ್ಕೂ ಅಗ್ಗವಾಗಿ ಸಿಗುತ್ತೆ. ಕಷ್ಟಕಾಲದಲ್ಲಿ ಮಾರೋಕೆ ನಮ್ಮಲ್ಲೂ ಇಂಥದ್ದೊಂದು ಕಾನೂನಿನ ದಾರಿ ಇರಬೇಕಿತ್ತು.

ಸದ್ಯಕ್ಕೆ, ಮುಂಗಡ ಕೊಡೋ ಮೊದಲು ಪಂಚಾಯಿತಿಗೋ ಪುರಸಭೆಗೋ ಹೋಗಿ ಎರಡೇ ಮಾತು ಕೇಳಿ: ಖಾತೆ ಯಾರ ಹೆಸರಲ್ಲಿದೆ, ಷರತ್ತಿನ ಅವಧಿ ಮುಗಿದಿದೆಯಾ?