ಹಾಯಿದೋಣಿ ಮೇಳ: ಬೆಲೆಪಟ್ಟಿಯಲ್ಲಿ ಇಲ್ಲದ ಲೆಕ್ಕ

ವ್ಯಾಪಾರ ಮೇಳ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಮೈದಾನ, ಶಾಮಿಯಾನ ಮತ್ತು ಸಾಲು ಮಳಿಗೆಗಳು. ಆದರೆ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ರಾಜಧಾನಿ ಅನ್ನಾಪೊಲಿಸ್‌ನಲ್ಲಿ ಅಕ್ಟೋಬರ್ ತಿಂಗಳಲ್ಲಿ ನೀರಿನ ಮೇಲೆಯೇ ಒಂದು ಮೇಳ ನಡೆಯುತ್ತದೆ. ಅಲ್ಲಿ ಮಾರಾಟಕ್ಕಿರುವ ಮುಖ್ಯ ಸರಕು ಹಾಯಿದೋಣಿ. ದೂರದ ಸಮುದ್ರಕ್ಕೆ ಹೋಗಬಲ್ಲ ಹೊಸ ದೋಣಿಯೊಂದರ ಬೆಲೆ ಒಂದು ಮನೆಯ ಬೆಲೆಯಷ್ಟಾಗುತ್ತದೆ. ಜೀವಮಾನದ ಉಳಿತಾಯವನ್ನು ಒಂದೇ ವಸ್ತುವಿಗೆ ಹಾಕಲು ಬರುವವರು ಅಲ್ಲಿ ಏನು ನೋಡುತ್ತಾರೆ, ಏನು ಕೇಳುತ್ತಾರೆ ಎಂದು ತಿಳಿಯುವುದು ವಾಣಿಜ್ಯ ವಿದ್ಯಾರ್ಥಿಗಳಾದ ನಮಗೆ ಉಪಯುಕ್ತ.

ನೀರಿನ ಮೇಲಿನ ಮಾರುಕಟ್ಟೆ

ಈ ಮೇಳ ಆರಂಭವಾದದ್ದು 1970ರಲ್ಲಿ. ಅದಕ್ಕೂ ಮೊದಲು ದೋಣಿ ಪ್ರದರ್ಶನಗಳು ಹೆಚ್ಚಾಗಿ ದೊಡ್ಡ ಸಭಾಂಗಣಗಳ ಒಳಗೆ ನಡೆಯುತ್ತಿದ್ದವು. ಆದರೆ ಹಾಯಿದೋಣಿಯ ಕಂಬ ಬಹಳ ಎತ್ತರ; ಅದನ್ನು ಸೂರಿನ ಕೆಳಗೆ ನಿಲ್ಲಿಸುವುದೇ ಕಷ್ಟ. ಅನ್ನಾಪೊಲಿಸ್‌ನಲ್ಲಿ ಊರ ನಡುವಿನ ಬಂದರಿನಲ್ಲಿ ತೇಲುವ ಕಾಲುದಾರಿಗಳನ್ನು ಜೋಡಿಸಿ, ಅವುಗಳ ಎರಡೂ ಬದಿಗೆ ದೋಣಿಗಳನ್ನು ಕಟ್ಟುತ್ತಾರೆ. ಜನ ಆ ದಾರಿಯಲ್ಲಿ ನಡೆದು ಒಂದೊಂದೇ ದೋಣಿ ಹತ್ತಿ ನೋಡುತ್ತಾರೆ. ಹತ್ತುವ ಮೊದಲು ಬೂಟು ಬಿಚ್ಚಬೇಕು. ಮಸೀದಿಯ ಬಾಗಿಲಲ್ಲಿ ನಾವು ಕಾಣುವಂತೆ ಅಲ್ಲಿಯೂ ಪಾದರಕ್ಷೆಗಳ ರಾಶಿ ಇರುತ್ತದೆ.

ಜಾಗ ಇಕ್ಕಟ್ಟಾದ್ದರಿಂದ ದೋಣಿಗಳನ್ನು ಒಂದು ಕ್ರಮದಲ್ಲಿಯೇ ಒಳಗೆ ತರಬೇಕಾಗುತ್ತದೆ. ಮೇಳ ಮುಗಿದ ಸಂಜೆ ಹೊರಗಿನ ಸಾಲಿನವು ಹೋಗದೆ ಒಳಗಿನವು ಹೋಗಲಾರವು. ಅಂದರೆ ಕೊನೆಗೆ ಬಂದದ್ದು ಮೊದಲು ಹೊರಡುತ್ತದೆ. ಕೆಲವೇ ಗಂಟೆಗಳಲ್ಲಿ ಇಡೀ ಮೇಳ ಕರಗಿ ಹೋಗುವುದನ್ನು ನೋಡಲು ದಡದಲ್ಲಿ ಜನ ಸೇರುತ್ತಾರೆ.

ಯಾರು ಬರುತ್ತಾರೆ? ಅಕ್ಟೋಬರ್ ಏಕೆ?

ಬರುವವರಲ್ಲಿ ಹಲವು ಬಗೆ. ಪಂದ್ಯಕ್ಕಾಗಿ ದೋಣಿ ಓಡಿಸುವವರು, ಭಾನುವಾರದ ವಿಹಾರಕ್ಕೆ ಹೋಗುವವರು, ಸುಮ್ಮನೆ ನೋಡಲು ಬಂದವರು ಇದ್ದೇ ಇರುತ್ತಾರೆ. ಇವರ ನಡುವೆ ಬೇರೆಯಾಗಿ ಕಾಣುವವರು 'ಕ್ರೂಸಿಂಗ್' ಹವ್ಯಾಸಿಗಳು. ಕ್ರೂಸಿಂಗ್ ಎಂದರೆ ಟಿಕೆಟ್ ಕೊಂಡು ದೊಡ್ಡ ಐಷಾರಾಮಿ ಹಡಗಿನಲ್ಲಿ ಹೋಗುವುದಲ್ಲ. ಸ್ವಂತ ಹಾಯಿದೋಣಿಯನ್ನೇ ಮನೆ ಮಾಡಿಕೊಂಡು, ಬಂದರಿನಿಂದ ಬಂದರಿಗೆ ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ಸಾಗುವುದು. ಅಡುಗೆ, ನಿದ್ದೆ, ರಿಪೇರಿ ಎಲ್ಲವೂ ಅದರೊಳಗೇ.

ಇಂಥವರಿಗೆ ಅಕ್ಟೋಬರ್ ಬಹಳ ಅನುಕೂಲದ ತಿಂಗಳು. ಅಟ್ಲಾಂಟಿಕ್ ಸಾಗರದಲ್ಲಿ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಈ ಅವಧಿಯ ಹೆಚ್ಚಿನ ಭಾಗದಲ್ಲಿ ದೋಣಿ ದಕ್ಷಿಣದ ಅಪಾಯದ ಪ್ರದೇಶಕ್ಕೆ ಹೋಗಬಾರದು ಎಂದು ಅನೇಕ ವಿಮಾ ಕಂಪನಿಗಳು ಷರತ್ತು ಹಾಕುತ್ತವೆ. ಹೋಗಿ ಹಾನಿಯಾದರೆ ಪರಿಹಾರಕ್ಕೇ ಕುತ್ತು. ಹಾಗಾಗಿ ಉತ್ತರದ ಚಳಿಯಿಂದ ಇಳಿದು ಬರುವ ದೋಣಿಗಳು ಅನ್ನಾಪೊಲಿಸ್ ಇರುವ ಚೆಸಪೀಕ್ ಕೊಲ್ಲಿಯಲ್ಲಿ ಕಾದು, ಆಮೇಲೆ ಫ್ಲೋರಿಡಾ, ಬಹಾಮಾಸ್ ಕಡೆಗೆ ಹೊರಡುತ್ತವೆ. ಪಯಣಕ್ಕೆ ಬೇಕಾದ ಹಗ್ಗ, ಲಂಗರು, ಸೌರಫಲಕ ಕೊಳ್ಳಲು ಇದೇ ಸಮಯ. ಗ್ರಾಹಕ ಎಲ್ಲಿ, ಯಾವಾಗ ಇರುತ್ತಾನೋ ಅಲ್ಲಿ, ಆಗ ಮಾರುಕಟ್ಟೆ.

ಇದು ನಮ್ಮ ಕರಾವಳಿಗೆ ಹೊಸ ವಿಷಯವೇನಲ್ಲ. ಹಾಯಿ ಹಡಗುಗಳ ಕಾಲದಲ್ಲಿ ಅರಬ್ ವರ್ತಕರು ಹೊನ್ನಾವರ, ಭಟ್ಕಳ, ಮಂಗಳೂರಿಗೆ ಬರುತ್ತಿದ್ದದ್ದೂ ಮರಳುತ್ತಿದ್ದದ್ದೂ ಗಾಳಿಯ ದಿಕ್ಕು ನೋಡಿಯೇ. ಅರಬ್ಬಿಯಲ್ಲಿ 'ಮೌಸಿಮ್' ಎಂದರೆ ಋತು. ನಮ್ಮ ಮನೆಯ ಉರ್ದುವಿನ 'ಮೌಸಮ್', ಎಲ್ಲರೂ ಬಳಸುವ 'ಮಾನ್ಸೂನ್' ಎರಡೂ ಆ ಪದದಿಂದ ಬಂದವು. ಬಂದರು, ಲಂಗರು ಎಂಬ ಪದಗಳು ಪಾರ್ಸಿಯಿಂದ ಕನ್ನಡಕ್ಕೆ ಬಂದಿವೆ.

ದೋಣಿಯ ಒಳಗೆ ಏನು ನೋಡುತ್ತಾರೆ?

ಮೇಳದಲ್ಲಿ ದೋಣಿ ಕದಲದೆ ನಿಂತಿರುತ್ತದೆ. ಒಳಗೆ ಹೋದರೆ ವಿಶಾಲವಾದ ಹಜಾರ, ಎರಡೂ ಕಡೆಯಿಂದ ಇಳಿಯಬಹುದಾದ ಅಗಲ ಮಂಚ, ಹೊಳೆಯುವ ಅಡುಗೆಮನೆ. ಹೊಸಬರು ಇಲ್ಲಿಯೇ ಮರುಳಾಗುತ್ತಾರೆ. ಅನುಭವಿ ಮಾತ್ರ ಅದೇ ಕೋಣೆಯನ್ನು ಬೇರೆ ರೀತಿಯಲ್ಲಿ ನೋಡುತ್ತಾನೆ. ಹಾಯಿಗೆ ಗಾಳಿ ತುಂಬಿದಾಗ ದೋಣಿ ಒಂದು ಪಕ್ಕಕ್ಕೆ ವಾಲುತ್ತದೆ, ಅಲೆಗೆ ಕುಲುಕುತ್ತದೆ. ಆಗ ವಿಶಾಲ ಹಜಾರವೇ ಅಪಾಯ. ಹಿಡಿದುಕೊಳ್ಳಲು ಏನೂ ಇಲ್ಲದಿದ್ದರೆ ಮನುಷ್ಯ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹೋಗಿ ಬೀಳುತ್ತಾನೆ. ಅಗಲ ಮಂಚದಲ್ಲಿ ಮಲಗಿದವರು ಉರುಳುತ್ತಾರೆ. ಸಮುದ್ರದಲ್ಲಿ ನಿದ್ದೆ ಬರುವುದು ಕಿರಿದಾದ ಮಂಚದಲ್ಲಿ. ಅದರ ಪಕ್ಕಕ್ಕೆ ಎತ್ತಿ ಕಟ್ಟುವ ಬಟ್ಟೆಯ ತಡೆ ಇದ್ದರೆ ಇನ್ನೂ ಒಳ್ಳೆಯದು.

ಆದ್ದರಿಂದ ಅವರು ಕೈಪಿಡಿಗಳನ್ನು ಎಣಿಸುತ್ತಾರೆ. ಮಂಚದ ಮೇಲೆ ನಿಜವಾಗಿಯೂ ಮಲಗಿ ನೋಡುತ್ತಾರೆ. ನೆಲದ ಹಲಗೆ ಎತ್ತಿ ಕೆಳಗೆ ನೀರು ನಿಂತಿದೆಯೇ ಎಂದು ಇಣುಕುತ್ತಾರೆ. ಎಂಜಿನ್ನಿನ ಫಿಲ್ಟರ್ ಬದಲಿಸಲು ಕೈ ಹೋಗುತ್ತದೆಯೇ, ಕುಡಿಯುವ ನೀರಿನ ಟ್ಯಾಂಕಿಗೆ ಎಷ್ಟು ಲೀಟರ್ ಹಿಡಿಯುತ್ತದೆ, ಲಂಗರಿನ ಸರಪಳಿ ಇಡಲು ಜಾಗ ಎಲ್ಲಿದೆ ಎಂದು ಕೇಳುತ್ತಾರೆ. ಮಾರಾಟಗಾರ ಪರದೆಯ ಬಣ್ಣ ತೋರಿಸುತ್ತಿರುವಾಗ ಇವರು ಪರದೆಯ ಹಿಂದಿನ ತಿರುಪು ನೋಡುತ್ತಿರುತ್ತಾರೆ.

ಬೆಲೆಯ ಮುಂದಿನ ಬೆಲೆ

ಬೈಕ್ ಕೊಳ್ಳುವಾಗ ಶೋರೂಮ್ ಬೆಲೆ ಒಂದು, ಆನ್‌ರೋಡ್ ಬೆಲೆ ಇನ್ನೊಂದು ಎಂಬುದು ನಮಗೆಲ್ಲ ಗೊತ್ತು. ದೋಣಿಗೂ ಅದೇ ನಿಯಮ. ಫಲಕದಲ್ಲಿ ಬರೆದ ಬೆಲೆಗೆ ಸಾಗಣೆ, ತೆರಿಗೆ, ಲಂಗರು, ಸರಪಳಿ, ರೇಡಿಯೊ, ದಿಕ್ಕು ತೋರಿಸುವ ಉಪಕರಣಗಳು, ಜೀವರಕ್ಷಕ ತೆಪ್ಪ ಎಲ್ಲವೂ ಸೇರುತ್ತಾ ಹೋಗುತ್ತವೆ. ಇಷ್ಟೆಲ್ಲ ಆದ ಮೇಲೂ ಅದು ಒಂದು ಸಲದ ಖರ್ಚು ಮಾತ್ರ.

ಆಮೇಲೆ ಶುರುವಾಗುವುದು ನಿಲ್ಲದ ಖರ್ಚು. ತಳಕ್ಕೆ ಪಾಚಿ, ಚಿಪ್ಪುಹುಳು ಅಂಟದಂತೆ ಒಂದೆರಡು ವರ್ಷಕ್ಕೊಮ್ಮೆ ವಿಶೇಷ ಬಣ್ಣ ಬಳಿಯಬೇಕು. ಕಂಬವನ್ನು ಹಿಡಿದಿಡುವ ಉಕ್ಕಿನ ತಂತಿಗಳನ್ನು ಸಾಮಾನ್ಯವಾಗಿ 10ರಿಂದ 15 ವರ್ಷಕ್ಕೆ ಬದಲಿಸಬೇಕು. ಹಾಯಿಗಳು ಬಿಸಿಲಿಗೆ ಸವೆಯುತ್ತವೆ. ಬಂದರಿನಲ್ಲಿ ನಿಲ್ಲಿಸಲು ಉದ್ದದ ಲೆಕ್ಕದಲ್ಲಿ ಬಾಡಿಗೆ. ವರ್ಷದ ನಿರ್ವಹಣೆಗೆ ದೋಣಿಯ ಬೆಲೆಯ ಶೇ. 10ರಷ್ಟು ತೆಗೆದಿಡಬೇಕು ಎಂಬುದು ಅವರಲ್ಲಿ ರೂಢಿಯಲ್ಲಿರುವ ಅಂದಾಜು.

ಗಾತ್ರದ ವಿಷಯದಲ್ಲಿ ಇನ್ನೊಂದು ಮೋಸವಿದೆ. 30 ಅಡಿಗಿಂತ 40 ಅಡಿಯ ದೋಣಿ ಉದ್ದದಲ್ಲಿ ಮೂರನೇ ಒಂದು ಭಾಗ ಮಾತ್ರ ಹೆಚ್ಚು. ಆದರೆ ಆಕಾರ ಅದೇ ಇದ್ದರೆ ಉದ್ದದ ಜೊತೆ ಅಗಲ, ಆಳ ಎರಡೂ ಬೆಳೆಯುತ್ತವೆ. ಒಟ್ಟು ಗಾತ್ರ ಸುಮಾರು 2.4 ಪಟ್ಟಾಗುತ್ತದೆ. ಹಾಯಿ, ಲಂಗರು, ಹಗ್ಗ, ಎಂಜಿನ್ ಎಲ್ಲವೂ ಅದಕ್ಕೆ ತಕ್ಕಂತೆ ದೊಡ್ಡದಾಗಬೇಕು. ಹತ್ತು ಅಡಿಯ ಆಸೆಗೆ ಜೇಬು ಎರಡು ಪಟ್ಟು ಖಾಲಿಯಾಗುವುದು ಹೀಗೆ.

ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಎರಡು ದಂಪತಿಗಳ ಬಳಿ ತಲಾ 1,00,000 ಡಾಲರ್ ಇದೆ. ಮೊದಲಿನವರು 95,000ಕ್ಕೆ ದೊಡ್ಡ ದೋಣಿ ಕೊಂಡರು. ಉಳಿದದ್ದು 5,000. ವರ್ಷದ ನಿರ್ವಹಣೆಗೇ 9,500 ಬೇಕು. ಊಟದ ಮಾತು ಬರುವ ಮೊದಲೇ ಹಣ ಮುಗಿಯಿತು. ದೋಣಿ ಬಂದರು ಬಿಡಲಿಲ್ಲ. ಎರಡನೆಯವರು 50,000ಕ್ಕೆ ಚಿಕ್ಕ ಹಳೆಯ ದೋಣಿ ಕೊಂಡರು. ನಿರ್ವಹಣೆಗೆ 5,000, ಜೀವನಕ್ಕೆ 20,000 ಎಂದಿಟ್ಟುಕೊಂಡರೂ ಎರಡು ವರ್ಷ ಸಮುದ್ರದಲ್ಲಿರಬಹುದು. ನಾವು ತರಗತಿಯಲ್ಲಿ ಓದುವ ಸ್ಥಿರ ಬಂಡವಾಳ, ದುಡಿಯುವ ಬಂಡವಾಳ ಎಂಬ ಭೇದ ಇದೇ. ಸ್ಥಿರ ಬಂಡವಾಳ ದೋಣಿಯನ್ನು ಕೊಡಿಸುತ್ತದೆ. ಅದನ್ನು ಮುಂದೆ ಸಾಗಿಸುವುದು ದುಡಿಯುವ ಬಂಡವಾಳ.

ಚಿಕ್ಕ ದೋಣಿ, ದೊಡ್ಡ ಸಮುದ್ರ

ಚಿಕ್ಕ ದೋಣಿಯಲ್ಲಿ ದೂರ ಹೋಗಲಾದೀತೇ? ಇತಿಹಾಸ ಹೌದು ಎನ್ನುತ್ತದೆ. ಒಬ್ಬಂಟಿಯಾಗಿ ಭೂಮಿಯನ್ನು ಹಾಯಿದೋಣಿಯಲ್ಲಿ ಮೊದಲು ಸುತ್ತಿದವರು ಜೋಶುವಾ ಸ್ಲೋಕಂ. 1895ರ ಏಪ್ರಿಲ್‌ನಲ್ಲಿ ಬಾಸ್ಟನ್‌ನಿಂದ ಹೊರಟ ಅವರು 1898ರ ಜೂನ್‌ನಲ್ಲಿ ಮರಳಿದರು. ಅವರ 'ಸ್ಪ್ರೇ' ಸುಮಾರು 37 ಅಡಿ ಉದ್ದದ, ಹೊಲದಲ್ಲಿ ಕೊಳೆಯುತ್ತಿದ್ದ ದೋಣಿ. ಪರಿಚಿತರೊಬ್ಬರು ಪುಕ್ಕಟೆಯಾಗಿ ಕೊಟ್ಟದ್ದು. ಅದನ್ನು ಮತ್ತೆ ಕಟ್ಟಲು ಸಾಮಗ್ರಿಗೆ 553.62 ಡಾಲರ್ ಮತ್ತು ತಮ್ಮ 13 ತಿಂಗಳ ದುಡಿಮೆ ಹಿಡಿಯಿತೆಂದು ಅವರೇ ಲೆಕ್ಕ ಬರೆದಿಟ್ಟಿದ್ದಾರೆ. ಪುಕ್ಕಟೆ ಸಿಕ್ಕ ದೋಣಿಗೂ ಖರ್ಚು ತಪ್ಪಲಿಲ್ಲ. ತಮ್ಮ ಶ್ರಮವನ್ನೂ ಲೆಕ್ಕದಲ್ಲಿ ಸೇರಿಸಿದ್ದು ಅವರ ಜಾಣತನ. ಆಮೇಲಿನ ಕಾಲದಲ್ಲಿ ಲಿನ್ ಮತ್ತು ಲ್ಯಾರಿ ಪಾರ್ಡಿ ದಂಪತಿ ತಾವೇ ಕಟ್ಟಿದ, ಎಂಜಿನ್ ಇಲ್ಲದ ಸುಮಾರು 24 ಅಡಿಯ 'ಸೆರಾಫಿನ್'ನಲ್ಲಿ ವರ್ಷಗಟ್ಟಲೆ ಸಾಗಿದರು.

ಹಳೆಯ ದೋಣಿ ಕೊಳ್ಳುವವರು ಕಣ್ಣನ್ನಷ್ಟೇ ನಂಬುವುದಿಲ್ಲ. ಹಣ ಕೊಡುವ ಮೊದಲು 'ಸರ್ವೇಯರ್' ಒಬ್ಬರನ್ನು ನೇಮಿಸುತ್ತಾರೆ. ಅವರು ದೋಣಿಯನ್ನು ನೀರಿನಿಂದ ಮೇಲೆತ್ತಿಸಿ, ತಳವನ್ನು ತಟ್ಟಿ ಸದ್ದು ಕೇಳಿ, ತೇವ ಅಳೆದು ವರದಿ ಕೊಡುತ್ತಾರೆ. ಕಂಪನಿಗೆ ಲೆಕ್ಕ ಪರಿಶೋಧಕರು ಹೇಗೋ ದೋಣಿಗೆ ಇವರು ಹಾಗೆ. ಇವರಿಗೆ ಹಣ ಕೊಡುವವನು ಕೊಳ್ಳುವವನೇ ಆಗಿರಬೇಕು, ಮಾರುವವನಲ್ಲ.

ನಮ್ಮಲ್ಲಿ ಬಹುತೇಕರು ಹಾಯಿದೋಣಿ ಕೊಳ್ಳಲಿಕ್ಕಿಲ್ಲ. ಆದರೆ ದ್ವಿತೀಯ ಪಿಯುಸಿ ಮುಗಿದ ಕೂಡಲೇ ನಾವೆಲ್ಲ ಒಂದಲ್ಲ ಒಂದು ಶಿಕ್ಷಣ ಮೇಳಕ್ಕೆ ಹೋಗುತ್ತೇವೆ. ಅಲ್ಲಿಯೂ ಹೊಳೆಯುವ ಕಟ್ಟಡದ ಚಿತ್ರಗಳು, ಮೊದಲ ವರ್ಷದ ಶುಲ್ಕ ಮಾತ್ರ ಬರೆದ ಕರಪತ್ರಗಳು ಇರುತ್ತವೆ. ಎರಡನೇ, ಮೂರನೇ ವರ್ಷಕ್ಕೆ ಎಷ್ಟು, ಹಾಸ್ಟೆಲ್, ಪುಸ್ತಕ, ಪರೀಕ್ಷೆ, ಬಸ್ಸಿಗೆ ಎಷ್ಟು, ಅಬ್ಬಾ–ಅಮ್ಮಿಯ ಕೈಯಲ್ಲಿ ಆಮೇಲೆ ಉಳಿಯುವುದು ಎಷ್ಟು ಎಂದು ನಾವೇ ಕೇಳಿ ಬರೆದುಕೊಳ್ಳಬೇಕು. ಈ ಪ್ರಶ್ನೆಗಳನ್ನು ಕೇಳಲು ನಾಚಿಕೆ ಬೇಡ. ಅನ್ನಾಪೊಲಿಸ್‌ನಲ್ಲಿ ನೆಲದ ಹಲಗೆ ಎತ್ತಿ ನೋಡುವವರಿಗೆ ನಾಚಿಕೆ ಇಲ್ಲ; ದೂರದ ದಡ ಮುಟ್ಟಬೇಕಾದವರು ಅವರು.